ಸೋತ ತಂಡಕ್ಕೆ ಇನ್ನೊಂದು ಆಟ

ತೊಗರಿ ಹೊಲದಲ್ಲಿ ಕಳೆ ತೆಗೆಯುವ ದಿನಗಳಲ್ಲೇ ಕಾಳಗಿ, ಸೇಡಂ, ಚಿತ್ತಾಪುರ ಸೀಮೆಯ ಶಾಲೆಗಳಿಗೆ ವಲಯ ಮಟ್ಟದ ಕ್ರೀಡಾಕೂಟದ ಸಡಗರ. ವಲಯದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ. ಒಳ್ಳೆಯ ಆಟಗಾರರನ್ನು ಆರಿಸಲು ಇಲಾಖೆ ಕಟ್ಟಿದ ಈ ಮೆಟ್ಟಿಲು ಸರಿಯಾಗಿಯೇ ಇದೆ. ಆದರೆ ಮಕ್ಕಳಿಗೆ ಬದುಕುವ ಕೌಶಲ ಕಲಿಸುವ ಹೊಣೆಯನ್ನೂ ಇದರ ಮೇಲೆಯೇ ಹೊರಿಸಿದ್ದೇವೆ. ಅದು ಇದರಿಂದ ಆಗುತ್ತಿಲ್ಲ.

16 ತಂಡಗಳ ನಾಕೌಟ್ ಕಬಡ್ಡಿಯಲ್ಲಿ ಮೊದಲ ಸುತ್ತಿಗೇ 8 ತಂಡಗಳು ಹೊರಗೆ. ಎಲ್ಲಿ ಎಡವಿದೆವೆಂದು ತಿದ್ದಿಕೊಂಡು ಮತ್ತೆ ಅಂಕಣಕ್ಕಿಳಿಯುವ ಅವಕಾಶ ಸೋತವರಿಗಿಲ್ಲ. ಅದು ಹೆಚ್ಚು ಬೇಕಾದದ್ದು ಅವರಿಗೇ. ನಾಲ್ಕು ನಾಲ್ಕು ತಂಡಗಳ ಗುಂಪು ಮಾಡಿ ಲೀಗ್ ಆಡಿಸಿದರೆ ಪ್ರತಿ ತಂಡಕ್ಕೂ 3 ಪಂದ್ಯ ಸಿಗುತ್ತವೆ.

ಆಟದೊಳಗೆ ಪಾಠ ಇಲ್ಲವೆಂದಲ್ಲ. ಖೋ-ಖೋ ನೋಡಿ. 8 ಹುಡುಗಿಯರು ಒಬ್ಬೊಬ್ಬರು ಒಂದೊಂದು ಕಡೆ ಮುಖ ಮಾಡಿ ಕುಳಿತಿರುತ್ತಾರೆ, ಒಂಬತ್ತನೆಯವಳು ಅಟ್ಟುತ್ತಾಳೆ. ಅವಳು ಹಿಡಿದ ದಿಕ್ಕು ಬದಲಿಸುವಂತಿಲ್ಲ, ಕುಳಿತವರ ನಡುವೆ ನುಸುಳುವಂತಿಲ್ಲ. ಎದುರಾಳಿ ಆಚೆ ಬದಿಗೆ ಜಾರಿದಳೆಂದರೆ ತನ್ನಿಂದಾಗದು ಎಂದು ಆ ಕ್ಷಣವೇ ಒಪ್ಪಿ, ಕುಳಿತ ಗೆಳತಿಗೆ ಖೋ ಕೊಡಬೇಕು. ತಾನೇ ಹಿಡಿಯಬೇಕೆಂಬ ಹಟ ತಂಡವನ್ನು ಸೋಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದ 10 ಜೀವನ ಕೌಶಲಗಳಲ್ಲಿ ನಿರ್ಧಾರ, ಒತ್ತಡದ ನಿರ್ವಹಣೆ, ಪರಸ್ಪರ ಸಂಬಂಧ ಮೂರೂ ಈ ಒಂದು ಕ್ಷಣದಲ್ಲಿವೆ. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ ಇದ್ದರೆ ಆಟ ಶುರು.

ಆದರೆ ಮೈದಾನದಲ್ಲಿ ಕಲಿತದ್ದು ತಾನಾಗಿ ಮನೆಗೆ ಬರುವುದಿಲ್ಲ. ಅಮೆರಿಕದ ದೈಹಿಕ ಶಿಕ್ಷಣ ತಜ್ಞ ಡಾನ್ ಹೆಲಿಸನ್ ಇದನ್ನು ಬಲ್ಲವರಾಗಿದ್ದರು. ಆಟದ ಮೂಲಕ ಹೊಣೆಗಾರಿಕೆ ಕಲಿಸುವ ಅವರ ಐದು ಹಂತಗಳಲ್ಲಿ ಕೊನೆಯದು, ಕಲಿತದ್ದನ್ನು ಮೈದಾನದಾಚೆ ಬಳಸುವುದು. ಅದಕ್ಕಾಗಿ ಅವರು ಆಟ ಮುಗಿದ ಮೇಲೆ ಮಕ್ಕಳನ್ನು ಕೂಡಿಸಿ ಮಾತಾಡಿಸುತ್ತಿದ್ದರು. ನಮ್ಮಲ್ಲಿ ಸೀಟಿ ಊದಿದರೆ ಮುಗಿಯಿತು. "ಖೋ ಕೊಡಾಕ ಯಾಕ ತಡಾ ಆಯ್ತು?" ಎಂದು ಪಿ.ಟಿ. ಸರ್ ಐದು ನಿಮಿಷ ಕೇಳಿದರೆ ಎಷ್ಟೋ ಆಗುತ್ತದೆ. ಎಷ್ಟೋ ಕಿರಿಯ ಶಾಲೆಗಳಲ್ಲಿ ಆ ಸರ್ ಕೂಡ ಇಲ್ಲ ಎಂಬುದು ನನಗೆ ನೋವಿನ ಸಂಗತಿ. ಸಮಗ್ರ ಶಿಕ್ಷಾ ಯೋಜನೆ ಕ್ರೀಡಾ ಸಾಮಗ್ರಿಗೆಂದು ಕಿರಿಯ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಇಟ್ಟಿದೆ. ಚೆಂಡು, ನೆಟ್ ಬರುತ್ತವೆ. ಆಡಿಸುವವರು ಆ ದುಡ್ಡಿನಿಂದ ಬರುವುದಿಲ್ಲ.

ಹಾಗಾಗಿ ನೇಮಕಾತಿಯೇ ಮೊದಲ ಬೇಡಿಕೆ. ಅದಾಗುವ ತನಕ ಅಕ್ಕಪಕ್ಕದ ನಾಲ್ಕು ಊರಿನ ಶಾಲೆಗಳು ಒಬ್ಬ ದೈಹಿಕ ಶಿಕ್ಷಕರನ್ನು ಹಂಚಿಕೊಂಡು, ಬಿಸಿಲು ಏರುವ ಮುಂಚೆ, ನವೆಂಬರ್‌ನಿಂದ ಜನವರಿವರೆಗೆ ಶನಿವಾರಗಳಲ್ಲಿ ತಮ್ಮತಮ್ಮಲ್ಲೇ ಲೀಗ್ ಆಡಲಿ. ವಲಯದಲ್ಲಿ ಮೊದಲ ಸುತ್ತಿಗೇ ಸೋತ ಶಾಲೆಗಳಿಂದಲೇ ಅದು ಶುರುವಾಗಲಿ.