‘ರೀಲ್ ಆಫ್’ ಎಂಬ ಇಂಗ್ಲಿಷ್ ಕ್ರಿಯೆಯ ಅರ್ಥವಿಚಾರ

ಇಂಗ್ಲಿಷಿನಲ್ಲಿ ಧಾತುವಿನೊಡನೆ ಅವ್ಯಯವು ಕೂಡಿ ಹೊಸ ಅರ್ಥವನ್ನು ಕೊಡುವ ಕ್ರಿಯಾಪದಗಳು ಅನೇಕವಾಗಿವೆ. ಅವುಗಳಲ್ಲೊಂದಾದ ‘ರೀಲ್ ಆಫ್’ ಎಂಬುದರ ವಾಚ್ಯಾರ್ಥವು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಪ್ರತ್ಯಕ್ಷವಾಗಿ ಕಾಣಬರುತ್ತದೆ. ಅಲ್ಲಿ ರೇಷ್ಮೆಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಅಂಟು ಮೆತ್ತಗಾದೊಡನೆ ಎಳೆಗಳ ತುದಿ ಹಿಡಿದು, ಹಲವು ಗೂಡುಗಳ ಎಳೆಗಳನ್ನು ಒಂದುಗೂಡಿಸಿ ರಾಟೆಗೆ ಸುತ್ತುತ್ತಾರೆ. ಒಂದೊಂದು ಗೂಡಿನ ಎಳೆಯೂ ನೂರಾರು ಗಜಗಳಷ್ಟು ಅಖಂಡವಾದುದು. ಇಂಗ್ಲಿಷು ಸುತ್ತುವುದನ್ನು ಧಾತುವಿನಿಂದಲೂ, ಗೂಡಿನಿಂದ ಕಳಚಿ ಬರುವುದನ್ನು ಅವ್ಯಯದಿಂದಲೂ ಸೂಚಿಸುತ್ತದೆ. ಕನ್ನಡದಲ್ಲಿ ಇದು ‘ನೂಲು ಬಿಚ್ಚಾಣಿಕೆ’: ಕಳಚುವಿಕೆಯೇ ಇಲ್ಲಿ ಧಾತು, ಅವ್ಯಯದ ಹಂಗಿಲ್ಲ.

ತೊಡಕಿರುವುದು ಲಾಕ್ಷಣಿಕಾರ್ಥದಲ್ಲಿ. ವಿದ್ಯಾರ್ಥಿಯೊಬ್ಬನು ಹೊಯ್ಸಳ ಅರಸರ ಹೆಸರುಗಳನ್ನು ತಡೆಯಿಲ್ಲದೆ ಹೇಳಿದರೆ, ಇಂಗ್ಲಿಷಿನಲ್ಲಿ ಇದೇ ಕ್ರಿಯೆಯು ಸಲ್ಲುತ್ತದೆ. ಅದನ್ನು ‘ಬಿಚ್ಚಿ ಹೇಳಿದನು’ ಎಂದು ಭಾಷಾಂತರಿಸಿದರೆ ಅರ್ಥವು ಕೆಡುತ್ತದೆ. ಮರೆಮಾಚದೆ ಹೇಳಿದನೆಂದು ಅದರ ತಾತ್ಪರ್ಯ. ಆಡುಮಾತಿನ ‘ರೀಲು ಬಿಟ್ಟನು’ ಎಂಬುದಂತೂ ಇನ್ನೂ ಅಪಾಯಕರ: ಪಾಠ ಕಲಿತ ಹುಡುಗನು ಸುಳ್ಳುಗಾರನಾಗಿಬಿಡುತ್ತಾನೆ. ಇಂಗ್ಲಿಷ್ ಕ್ರಿಯೆಯಲ್ಲಿ ವೇಗವೂ ಅವಿಚ್ಛಿನ್ನತೆಯೂ ಉಂಟೇ ಹೊರತು ಅಸತ್ಯದ ಸೋಂಕಿಲ್ಲ.

ಇಲ್ಲಿ ಸಲ್ಲತಕ್ಕುದು ‘ಒಪ್ಪಿಸು’ ಎಂಬ ನಮ್ಮ ಶಾಲೆಗಳ ಹಳೆಯ ಮಾತು. ‘ಪಟಪಟನೆ ಒಪ್ಪಿಸಿಬಿಟ್ಟನು’ ಎಂದಾಗ ವೇಗವು ಅನುಕರಣಶಬ್ದದಲ್ಲಿಯೂ, ತಡೆಯಿಲ್ಲದೆ ಮುಗಿಸಿದ ಭಾವವು ‘ಬಿಡು’ ಎಂಬ ಸಹಾಯಕ್ರಿಯೆಯಲ್ಲಿಯೂ ನೆಲಸುತ್ತವೆ. ‘ರೀಲು’ ಎಂಬ ನಾಮಪದದೊಡನೆ ಸೇರಿ ಅರ್ಥವನ್ನು ಕೆಡಿಸಿದ ‘ಬಿಡು’ವೇ ಕ್ರಿಯೆಯೊಡನೆ ಸೇರಿದಾಗ ಅದನ್ನು ಉಳಿಸುತ್ತದೆ. ಆದುದರಿಂದ ಇಂಥ ಕಡೆಗಳಲ್ಲಿ ಇಂಗ್ಲಿಷಿನ ಅವ್ಯಯಕ್ಕೆ ಪ್ರತಿಪದವನ್ನು ಅರಸುವುದಕ್ಕಿಂತ, ಕನ್ನಡದ ಸಹಾಯಕ್ರಿಯೆಗಳನ್ನು ಆಶ್ರಯಿಸುವುದೇ ಭಾಷಾಂತರಕಾರರಿಗೆ ಕ್ಷೇಮಕರವಾದ ಮಾರ್ಗ.