ಯರ್ಟ್ ಕಟ್ಟುವ ಮೊದಲು ಮೇಯರ್ ಕಚೇರಿಗೆ

ಮಡಚಿ ಬಿಚ್ಚಬಹುದಾದ ಮರದ ಜಾಲರಿಯ ಗೋಡೆ, ನೆತ್ತಿಯ ಚಕ್ರಕ್ಕೆ ಬಂದು ಸೇರುವ ಗಳುಗಳು, ಮೇಲೆ ಉಣ್ಣೆಯ ದಪ್ಪ ಹೊದಿಕೆ, ಎಲ್ಲವನ್ನೂ ಬಿಗಿದು ಹಿಡಿಯುವ ಹಗ್ಗ. ಮಂಗೋಲಿಯಾದ ಅಲೆಮಾರಿ ಕುಟುಂಬ ಇಂಥ ಮನೆಯನ್ನು ಕೆಲವೇ ತಾಸಿನಲ್ಲಿ ನಿಲ್ಲಿಸಿಬಿಡುತ್ತದೆ. ಅದೇ ಯರ್ಟ್ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಕಾಯಂ ಮನೆಯಾಗಬೇಕಾದರೆ ಕಾಗದಪತ್ರಕ್ಕೇ ತಿಂಗಳುಗಳು ಹಿಡಿಯುತ್ತವೆ.

ಹಾಗಿದ್ದರೂ ಯರ್ಟ್‌ವಾಸಿಗಳ ಮಟ್ಟಿಗೆ ಫ್ರಾನ್ಸ್ ಉದಾರ ದೇಶವೇ. ಈ ಔದಾರ್ಯ ಸುಮ್ಮನೆ ಬಂದದ್ದಲ್ಲ. 2011ರಲ್ಲಿ ಅಲ್ಲಿನ ಸಂಸತ್ತು ಒಪ್ಪಿದ್ದ ಆಂತರಿಕ ಭದ್ರತಾ ಕಾನೂನಿನಲ್ಲಿ ಒಂದು ಕಲಮು ಸೇರಿಕೊಂಡಿತ್ತು: ಅಕ್ರಮವಾಗಿ ಗುಂಪಾಗಿ ನೆಲೆಸಿದವರಿಗೆ ಪ್ರಿಫೆಕ್ಟ್ (ಜಿಲ್ಲೆಯಲ್ಲಿ ಸರ್ಕಾರದ ಪ್ರತಿನಿಧಿ) 48 ಗಂಟೆಗಳ ಗಡುವು ಕೊಟ್ಟು, ಕೋರ್ಟಿನ ಮುಖ ನೋಡದೆಯೇ ಎಬ್ಬಿಸಬಹುದಿತ್ತು. ಯರ್ಟ್‌ವಾಸಿಗಳೂ ಬೀದಿಗಿಳಿದರು. ಆ ವರ್ಷದ ಮಾರ್ಚ್ 10ರಂದು ಸಂವಿಧಾನ ಮಂಡಳಿ ಆ ಕಲಮನ್ನು ತಳ್ಳಿಹಾಕಿತು.

ಮೂರು ವರ್ಷದ ನಂತರ, 2014ರ ಮಾರ್ಚ್ 24ರ ವಸತಿ ಕಾನೂನು ಗಾಳಿಯ ದಿಕ್ಕನ್ನೇ ಬದಲಿಸಿತು. ಬಿಚ್ಚಿ ಒಯ್ಯಬಹುದಾದ ವಾಸದ ಮನೆಗೆ ಮೊದಲ ಬಾರಿ ಕಾನೂನಿನ ಮಾನ್ಯತೆ ಸಿಕ್ಕಿತು. ಅಡಿಪಾಯ ಇರಕೂಡದು, ಬೇಗನೆ ಬಿಚ್ಚುವಂತಿರಬೇಕು, ವರ್ಷಕ್ಕೆ ಕನಿಷ್ಠ ಎಂಟು ತಿಂಗಳು ಅದೇ ಮುಖ್ಯ ಮನೆಯಾಗಿರಬೇಕು. ಸಾರ್ವಜನಿಕ ನೀರು, ವಿದ್ಯುತ್ ಜಾಲದ ಹಂಗಿಲ್ಲದೆಯೂ ಬದುಕಬಹುದು. ಎಂಟು ತಿಂಗಳ ಷರತ್ತು ಬಹಳ ಜಾಣತನದ್ದು. ವಾರಾಂತ್ಯದ ಪ್ರವಾಸಿಗನನ್ನೂ ನಿಜವಾಗಿ ಅಲ್ಲೇ ಬಾಳುವವನನ್ನೂ ಅದು ಬೇರೆ ಮಾಡುತ್ತದೆ.

ಅಮೆರಿಕದ ಒರೆಗಾನ್ ರಾಜ್ಯದ ಭೂಬಳಕೆ ನಿಯಮ ಇದಕ್ಕೆ ತೀರ ಉಲ್ಟಾ. ಕೃಷಿ, ಅರಣ್ಯ ವಲಯದ ಖಾಸಗಿ ಶಿಬಿರತಾಣಗಳಲ್ಲಿ ಯರ್ಟ್ ಎಂದರೆ ನಲ್ಲಿ, ಚರಂಡಿ ಸಂಪರ್ಕ, ಒಳಗಿನ ಒಲೆ ಯಾವುದೂ ಇಲ್ಲದ ದುಂಡನೆಯ ಬಟ್ಟೆಯ ಸೂರು. ಒಲೆ ಹೂಡಿದರೆ ಆ ವ್ಯಾಖ್ಯೆಯಿಂದಲೇ ಅದು ಹೊರಗೆ. ಅನ್ನ ಬೇಯಿಸಲಾಗದ ಸೂರಿನಲ್ಲಿ ಸಂಸಾರ ಹೂಡುವುದಾದರೂ ಹೇಗೆ?

ಫ್ರಾನ್ಸಿನಲ್ಲಿ ಲೆಕ್ಕ ಶುರುವಾಗುವುದು ಚದರ ಮೀಟರಿನಿಂದ. ಒಂದೇ ಜಾಗದಲ್ಲಿ ಇಂಥ ಎರಡು ಅಥವಾ ಹೆಚ್ಚು ಮನೆಗಳು ಬಂದು, ಒಟ್ಟು ನೆಲ 40 ಚದರ ಮೀಟರ್ ದಾಟಿದರೆ ದೊಡ್ಡ ಪರವಾನಗಿ ಬೇಕು. ಅಷ್ಟರೊಳಗಿದ್ದರೆ ಮುಂಗಡ ಘೋಷಣೆ ಸಾಕು. ಐದು ಮೀಟರ್ ವ್ಯಾಸದ ಎರಡು ಯರ್ಟ್ ಸೇರಿದರೆ 39 ಚದರ ಮೀಟರ್ ಚಿಲ್ಲರೆ. ಆರು ಮೀಟರಿನವು ಎರಡಾದರೆ 56 ದಾಟಿತು. ವ್ಯಾಸದಲ್ಲಿ ಒಂದು ಮೀಟರ್ ಹೆಚ್ಚಾದರೆ ಅರ್ಜಿಯ ನಮೂನೆಯೇ ಬೇರೆ.

ಶೌಚದ ಮಾತನ್ನೂ ಕಾನೂನು ಬಿಟ್ಟಿಲ್ಲ, ಬಿಡಲೂಬಾರದು. 2009ರ ಆದೇಶದಂತೆ ನೀರಿಲ್ಲದ ಒಣ ಶೌಚಾಲಯಕ್ಕೆ ಒಪ್ಪಿಗೆಯಿದೆ. ಆದರೆ ತ್ಯಾಜ್ಯವನ್ನು ಮಳೆ ತಾಕದ, ನೆಲಕ್ಕೆ ಇಂಗದ ಕಟ್ಟೆಯ ಮೇಲೆ ಕೊಳೆಸಿ ಗೊಬ್ಬರ ಮಾಡಿ, ಅದೇ ಜಮೀನಿನಲ್ಲಿ ಬಳಸಬೇಕು. ಸ್ನಾನ, ಪಾತ್ರೆ ತೊಳೆದ ನೀರಿಗೆ ಬೇರೆಯೇ ಶುದ್ಧೀಕರಣ. ಕೆಳಗಿನ ಬಾವಿಯವರ ಆರೋಗ್ಯ ಇದರಲ್ಲಿದೆ.

ನಿಜವಾದ ತೊಡಕು ನೆಲದ್ದು. ಅಗ್ಗದ ಜಮೀನೆಲ್ಲ ಕೃಷಿ ಅಥವಾ ಪ್ರಕೃತಿ ವಲಯದಲ್ಲಿರುತ್ತದೆ. ಅಲ್ಲಿ ವಾಸಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಸ್ಥಳೀಯ ಆಡಳಿತ ಮನಸ್ಸು ಮಾಡಿದರೆ ತನ್ನ ಯೋಜನಾ ನಕ್ಷೆಯಲ್ಲಿ ಒಂದು ಚಿಕ್ಕ ತುಂಡನ್ನು ಇದಕ್ಕೆಂದು ಗುರುತಿಸಬಹುದು, ಆದರೆ ಅದನ್ನು ಅಪವಾದ ಎಂದೇ ಕಾನೂನು ಕರೆದಿದೆ. ಮನೆಗೆ ಮಾನ್ಯತೆ ಕೊಟ್ಟು ಅದನ್ನಿಡುವ ಜಾಗವನ್ನು ಊರಿನ ದಾಕ್ಷಿಣ್ಯಕ್ಕೆ ಬಿಟ್ಟದ್ದು ಅರೆಬರೆ ನ್ಯಾಯ.

ಆದ್ದರಿಂದ ಅನುಭವಿಗಳು ಹೊದಿಕೆಗೆ ದುಡ್ಡು ಸುರಿಯುವ ಮೊದಲು ಮೇಯರ್ ಕಚೇರಿಗೆ ಹೋಗಿ ನಕ್ಷೆ ನೋಡುತ್ತಾರೆ, ನಗರಯೋಜನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತಾರೆ. ಅದಕ್ಕೆ ಶುಲ್ಕವಿಲ್ಲ. ಉದ್ದೇಶಿತ ಕೆಲಸಕ್ಕೆ ಆ ಜಾಗ ಒಗ್ಗುತ್ತದೆಯೇ ಎಂಬುದಕ್ಕೆ ಎರಡು ತಿಂಗಳಲ್ಲಿ ಉತ್ತರ ಬರುತ್ತದೆ, ಆ ಉತ್ತರಕ್ಕೆ 18 ತಿಂಗಳ ಸಿಂಧುತ್ವವಿದೆ.