ಬ್ರಿಟಿಷ್ ಹಾಸ್ಯನಾಟಕಗಳಲ್ಲಿ ಹಳೆಯ ಮೋಟಾರು

ಬ್ರಿಟಿಷ್ ದೂರದರ್ಶನದ ಹಾಸ್ಯನಾಟಕಗಳಲ್ಲಿ ಬರುವ ಹಳೆಯ ಮೋಟಾರುಗಳನ್ನು ಕುರಿತು ಬರೆಯುವವರು ಅವನ್ನು ಜೀವಂತ ಪಾತ್ರಗಳೆಂದು ಕೊಂಡಾಡಿ ಸುಮ್ಮನಾಗುವುದುಂಟು. ಇತಿಹಾಸದ ವಿದ್ಯಾರ್ಥಿಗೆ ಇಷ್ಟು ಸಾಲದು. ಆ ಮೋಟಾರನ್ನು ಯಾರು ಕೊಂಡರು, ಅದನ್ನೇ ಏಕೆ ಕೊಂಡರು ಎಂಬುದನ್ನು ಅವನು ಕೇಳಬೇಕಾಗುತ್ತದೆ.

1981ರಲ್ಲಿ ಆರಂಭವಾದ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ ನಾಟಕಮಾಲೆಯಲ್ಲಿ ಲಂಡನ್ನಿನ ಪೆಕಮ್ ಬಡಾವಣೆಯ ಚಿಲ್ಲರೆ ವ್ಯಾಪಾರಿ ಡೆಲ್‌ಬಾಯ್‌ನದು ಹಳದಿ ಬಣ್ಣದ, ಮೂರು ಗಾಲಿಯ ರಿಲಯಂಟ್ ರೀಗಲ್ ಗಾಡಿ. ಅದರ ಮೈಮೇಲೆ ನ್ಯೂಯಾರ್ಕ್, ಪ್ಯಾರಿಸ್, ಪೆಕಮ್ ಎಂಬ ಊರುಗಳ ಹೆಸರು! ಆದರೆ ಆ ಮೂರು ಗಾಲಿ ವಿದೂಷಕನಿಗೆಂದು ಹೊಲಿದ ವೇಷವಲ್ಲ. ಅಂಥ ಹಗುರಾದ ಗಾಡಿಗೆ ತೆರಿಗೆ ಕಡಿಮೆ. ಮೋಟಾರ್ ಸೈಕಲ್ಲಿನ ಪರವಾನಿಗೆಯ ಮೇಲೆಯೇ ಅದನ್ನು ನಡೆಸಬಹುದಾಗಿತ್ತು. ‘ಮಿಸ್ಟರ್ ಬೀನ್’ (1990–95) ಇದೇ ಜಾತಿಯ ನೀಲಿ ಗಾಡಿಯನ್ನು ಮತ್ತೆ ಮತ್ತೆ ಉರುಳಿಸಿ ನಗಿಸುತ್ತದೆ. ಒಳಗಿದ್ದವನ ಮುಖವನ್ನು ಮಾತ್ರ ತೋರಿಸುವುದಿಲ್ಲ. ಈ ನಗೆ ಕನಿಕರವಿಲ್ಲದ್ದೆಂದು ನನ್ನ ಅಭಿಪ್ರಾಯ. ಡೆಲ್‌ಬಾಯ್‌ನ ಗಾಡಿಯಲ್ಲಾದರೋ ನಾವೂ ಕುಳಿತಿರುತ್ತೇವೆ.

ಇವೆಲ್ಲಕ್ಕಿಂತ ಮಿಗಿಲಾದುದು 1975ರ ‘ಫಾಲ್ಟಿ ಟವರ್ಸ್’. ರಿಪೇರಿಯ ಹಣ ಉಳಿಸಲು ತಾನೇ ಕೈಹಚ್ಚಿದ ಹೋಟೆಲು ಮಾಲಿಕ ಬೇಸಿಲ್, ಅತಿಥಿಗಳ ಊಟ ತರುವಾಗ ಕೆಟ್ಟು ನಿಂತ ಕೆಂಪು ಆಸ್ಟಿನ್ ಗಾಡಿಗೆ ಎಚ್ಚರಿಕೆಯಿತ್ತು, ಮೂರರವರೆಗೆ ಎಣಿಸಿ, ಮರದ ಟೊಂಗೆಯಿಂದ ಬಡಿಯುತ್ತಾನೆ. ಆಸ್ಟಿನ್ ಗಾಡಿಗಳನ್ನು ತಯಾರಿಸುತ್ತಿದ್ದ ಬ್ರಿಟಿಷ್ ಲೇಲ್ಯಾಂಡ್ ದಿವಾಳಿಯ ಅಂಚಿಗೆ ಬಂದು ಸರಕಾರದ ವಶವಾದುದೂ ಅದೇ ವರ್ಷ. ನಾಟಕಕಾರರು ಇದನ್ನು ಉದ್ದೇಶಿಸಿದ್ದರೆಂದು ನಾನು ಹೇಳಲಾರೆ. ನೋಡಿದವರಿಗೆ ಆ ಸಿಟ್ಟು ಅಪರಿಚಿತವಾಗಿರಲಿಕ್ಕಿಲ್ಲ.

ನಮ್ಮ ಅಂಬಾಸಡರ್ ಈ ಆಸ್ಟಿನ್ನಿನ ದಾಯಾದಿ. 1952ರಲ್ಲಿ ಆಸ್ಟಿನ್ನಿನೊಡನೆ ಒಂದಾದ ಮಾರಿಸ್ ಮನೆತನದ ‘ಆಕ್ಸ್‌ಫರ್ಡ್’ ಗಾಡಿಯೇ ಇಲ್ಲಿ ಆ ಹೆಸರು ತಳೆದು 2014ರವರೆಗೆ ತಯಾರಾಯಿತು. ಆದರೆ ಬಾಡಗಂಡಿಯ ಕಡೆ ಬಿಳಿ ಅಂಬಾಸಡರ್ ಎಂದರೆ ಸರಕಾರ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲೂಕಿನ ಹೊಲಮನೆಗಳು ಹೋದ ಕಾಲದಲ್ಲಿ ಅದು ಊರೊಳಗೆ ಬಂದರೆ ಹಿರಿಯರು ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದರು. ಅದನ್ನು ಟೊಂಗೆಯಿಂದ ಬಡಿಯುವವನನ್ನು ಕಂಡು ಅವರು ನಗಬಹುದಾಗಿತ್ತೇ? ಮೋಟಾರು ಸ್ವಂತ ಮನೆಯ ಹೊರೆಯಾದ ಮೇಲೆಯೇ ಇಂಥ ನಗೆ ಹುಟ್ಟುತ್ತದೆ. ಕಾಲೇಜಿನಲ್ಲಿ ಈ ದೃಶ್ಯವನ್ನು ತೋರಿಸಿದಾಗ ವಿದ್ಯಾರ್ಥಿಗಳು ಮನಸಾರೆ ನಕ್ಕರು. ಒಬ್ಬನು ಮಾತ್ರ ಎದ್ದು, “ಸರ್, ಆ ಗಾಡಿಯ ಸಾಲ ತೀರಿತ್ತೇನ್ರಿ?” ಎಂದು ಕೇಳಿದನು.